ಡೀಸೆಲ್ ಗಾಡಿಯನ್ನು ಅಪ್ಪ ಹಳಿದದ್ದು

ಅಪ್ಪ ಡೀಸೆಲ್ ಗಾಡಿಯನ್ನು ಹಳಿಯಲು ಶುರುಮಾಡಿದಾಗ ನಾವು ರಾಯಚೂರಿನ ಶೋರೂಮಿಗೆ ಬಂದು ಹೆಚ್ಚು ಹೊತ್ತಾಗಿರಲಿಲ್ಲ. ಅಥವಾ ಚಹಾ ಕುಡಿದ ಮೇಲೆಯೋ. ಚಹಾ ಕೊಟ್ಟಿದ್ದರೆಂಬುದೇ ಈಗ ಅನುಮಾನ; ಇಂಥ ಕಡೆ ಕೊಡುತ್ತಾರೆಂದು ನೆನಪು ತಾನೇ ಚಹಾದ ಕಪ್ಪು ತಂದಿಟ್ಟಿರಬಹುದು. ಹಳಿದದ್ದು ಮಾತ್ರ ಖರೆ. ಮಾರಾಟದವನು ಅಂಗಳದಲ್ಲಿ ಎರಡೂ ಪಿಕಪ್ಪುಗಳನ್ನು ಚಾಲೂ ಮಾಡಿ ತೋರಿಸಿದ್ದ.

"ಇದೇನ್ರಿ ಇದು, ಮುದಿ ಟಗರು ಕೆಮ್ಮಿದಂಗ ಕೆಮ್ಮಾಕತ್ತದ," ಎಂದು ಅಪ್ಪ ಡೀಸೆಲ್ ಗಾಡಿಯ ಬಾನೆಟ್ಟಿಗೆ ಬಡಿದ. "ಬಾಜೂದ್ದು ನೋಡ್ರಿ, ಗ್ಯಾಸಿಂದು. ಉಸಿರು ಸೈತ ಕೇಳಂಗಿಲ್ಲ. ಗಾಡಿ ಅಂದ್ರ ಅದು!"

ನಮಗೆ ಬೇಕಾದದ್ದು ಡೀಸೆಲ್. ಅದು ಮಸರಕಲ್ಲಿನ ನಮ್ಮ ಮನೆಯಲ್ಲೇ ತೀರ್ಮಾನವಾಗಿತ್ತು. ಓಡಿಸುವವಳು ನಾನು, ಅಪ್ಪನಿಗೆ ಕುರಿ ಗೊತ್ತು, ಕ್ಲಚ್ ಗೊತ್ತಿಲ್ಲ. ಕುರಿ ತುಂಬಿಕೊಂಡು ಎರೆ ಹೊಲದಿಂದ ರಸ್ತೆಗೆ ಏರಬೇಕು, ಮಳೆ ಬಿದ್ದ ಮಾರನೆಯ ದಿನವೂ ಏರಬೇಕು. ಬಾಡಿಗೆಗೆ ಎರಡೂ ಥರದ ಗಾಡಿ ಓಡಿಸಿ ನೋಡಿದ್ದೆ. ಗ್ಯಾಸಿನದು ಡಾಂಬರಿನ ಮೇಲೆ ಸಲೀಸು, ಖರ್ಚೂ ಕಡಿಮೆ. ಹೊಲದ ಏರಿನಲ್ಲಿ ಫಸ್ಟ್ ಗೇರಿನಲ್ಲೇ ದಮ್ಮು ಬಿಡುತ್ತದೆ. ಅಲ್ಲದೆ ಗ್ಯಾಸು ತುಂಬಿಸಲು ನಮಗೆ ರಾಯಚೂರೇ ಗತಿ.

ಆದರೆ ಅಪ್ಪ ಜೀವಮಾನವಿಡೀ ಕುರಿ ಸಂತೆಯಲ್ಲಿ ವ್ಯಾಪಾರ ಮಾಡಿದವನು. ಅಲ್ಲಿ ಬೇಕಾದ ಕುರಿಯನ್ನು ಯಾರೂ ಹೊಗಳುವುದಿಲ್ಲ. ಅದನ್ನು ಹಳಿಯಬೇಕು, ಬೇಡದ್ದರ ಬೆನ್ನು ಸವರಬೇಕು. ಮಾರುವವನಿಗೂ ಇದು ಗೊತ್ತು. ಹಳಿದಷ್ಟೂ ಗಿರಾಕಿ ಗಟ್ಟಿ ಎಂದು ದರ ಇಳಿಸುತ್ತಾ ಬರುತ್ತಾನೆ.

ಇಸ್ತ್ರಿ ಅಂಗಿಯ ಈ ಮಾರಾಟದವನಿಗೆ ಅದನ್ನು ಯಾರು ಹೇಳಬೇಕು? ನನ್ನ ಕಡೆ ಒಮ್ಮೆಯೂ ತಿರುಗದೆ ಅಪ್ಪನ ಮಾತಿಗೆಲ್ಲ ತಲೆಯಾಡಿಸಿದ. "ಖರೆ ಅದರೀ ಯಜಮಾನ್ರ. ನಿಮ್ಮಂಗ ತಿಳ್ದು ತಗೊಳ್ಳೋರು ಕಮ್ಮಿ."

"ಯಪ್ಪಾ, ನಮಗ ಡೀಸೆಲ್ ಬೇಕಂತ ಹೇಳು," ಎಂದೆ. ನೆನಪಿನಲ್ಲಿ ನಾನು ಇಡೀ ಶೋರೂಮಿಗೆ ಕೇಳುವಂತೆ ಕೂಗಿದ್ದೇನೆ. ಬಹುಶಃ ಗೊಣಗಿರಬೇಕು. ಅಪ್ಪ ನನ್ನ ಕಾಲು ತುಳಿದು ಅಷ್ಟೇ ಸಣ್ಣ ದನಿಯಲ್ಲಿ, "ಸುಮ್ಕಿರು ಬೇ, ರೇಟು ಏರಿಸ್ತಾನ," ಎಂದ.

"ಇಲ್ಲಿ ರೇಟು ಏರಂಗಿಲ್ಲ, ಇಳಿಯಂಗಿಲ್ಲ. ಗ್ವಾಡಿಗೆ ಬರದು ಹಾಕ್ಯಾರ," ಎಂದು ಗೋಡೆಯ ದರಪಟ್ಟಿ ತೋರಿಸಿದೆ.

"ಗ್ವಾಡಿ ಮ್ಯಾಲಿಂದು ಅವ್ರು ಕೇಳೋದಕ್ಕವ್ವಾ, ನಾವು ಕೊಡೋದಕ್ಕಲ್ಲ."

ಮತ್ತೆ ಅವನತ್ತ ತಿರುಗಿದ: "ಈ ಡೀಸೆಲ್ಲು ಪುಕ್ಕಟೆ ಕೊಟ್ರೂ ಒಲ್ಲೆ ನೋಡ್ರಿ!"

ಇದು ಸಂತೆಯ ಕೊನೆಯ ಮಾತು. ಇದಾದ ಮೇಲೆ ಮಾರುವವನು, ಹೋಗಲಿ, ಎಷ್ಟಕ್ಕೆ ಒಯ್ಯುತ್ತೀ ಹೇಳು, ಎನ್ನಬೇಕು.

"ಹಂಗಾದ್ರ ಗ್ಯಾಸಿಂದ ಪಕ್ಕಾ ಮಾಡೋಣ್ರಿ," ಎಂದ ಇವನು, ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ.

ಅಪ್ಪನ ಮುಖ ಹೇಗಾಯಿತೆಂದು ಬರೆಯಲಾರೆ. ಈ ಕಥೆ ಹೇಳಿದಾಗಲೆಲ್ಲ ಬೇರೆ ಬೇರೆ ಮುಖ ಬಂದಿದೆ.

ಹೊರಗೆ ಬಂದು ಜಗಳ. ಗಾಡಿ ಬದಲಿಸಿ ಎಂದರೆ ಅವರೇನೂ ಒಲ್ಲೆ ಅನ್ನುವುದಿಲ್ಲ, ನಾನೇ ಒಳಗೆ ಹೋಗಿ ಹೇಳುತ್ತೇನೆ ಎಂದೆ. ಅಪ್ಪ ಅಡ್ಡ ನಿಂತ.

"ಕೈ ಮ್ಯಾಲ ಕೈ ಬಿದ್ದದ. ಬಿದ್ದ ಕೈ ಹಿಂದಕ್ಕ ತಗೊಂಡವ್ನ ಮನಿತನಕ್ಕ ಸಂತ್ಯಾಗ ಯಾರು ಕುರಿ ಕೊಡ್ತಾರ?"

"ಅವ ಸಂತಿಯಾಂವ ಅಲ್ಲಪಾ!"

"ನಾ ಹೌದಲ್ಲ."

ಕೊನೆಗೆ ಗ್ಯಾಸಿನ ಗಾಡಿಯನ್ನೇ ಮಸರಕಲ್ಲಿಗೆ ಓಡಿಸಿಕೊಂಡು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಕುರಿಗಳು ಈಗ ಮಾನ್ವಿ ಕಡೆ, ಮಲ್ಲಟದ ಒಂದು ಹೊಲದಲ್ಲಿ ಬೀಡುಬಿಟ್ಟಿವೆ. ಏರಿನ ಬುಡದಲ್ಲಿ ಅರ್ಧ ಕುರಿಗಳನ್ನು ಕೆಳಗಿಳಿಸುತ್ತೇನೆ, ಗಾಡಿಯನ್ನು ರಸ್ತೆಗೆ ಹತ್ತಿಸುತ್ತೇನೆ, ಮತ್ತೆ ತುಂಬುತ್ತೇನೆ. ಮೊನ್ನೆ ದೇವದುರ್ಗದ ಸಂತೆಗೆಂದು ಹೊರಟವರು, ಗ್ಯಾಸು ಸಾಲದೆ, ಸಂತೆಗೆ ಬೆನ್ನು ಮಾಡಿ ಮೊದಲು ರಾಯಚೂರಿಗೆ ಬಂದೆವು. ಪಂಪಿನ ಮುಂದೆ ಆಟೋಗಳ ಸಾಲು ರಸ್ತೆಯವರೆಗೂ ಇತ್ತು. ನಮ್ಮ ಪಾಳಿ ಬಂದಾಗ ಪಂಪಿನವನು, "ಎಲ್ಲಾರೂ ಕೆಳಗಿಳೀರಿ," ಎಂದ. ಗ್ಯಾಸು ತುಂಬುವಾಗ ಗಾಡಿಯಲ್ಲಿ ಯಾರೂ ಕೂಡುವಂತಿಲ್ಲ.

"ಕುರೀನೂ ಇಳಸ್ಬೇಕೇನ್ರಿ?" ಅಪ್ಪ ಕೇಳಿದ.

ಹಿಂದಿನ ಆಟೋದವರು ನಕ್ಕರು, ಪಂಪಿನವನೂ ನಕ್ಕ. ನಾನು ನಗುತ್ತೇನೋ ಎಂದು ಅಪ್ಪ ನನ್ನ ಮುಖ ನೋಡಿದ. ನಾನು ಗಾಡಿಯ ಆ ಬದಿಗೆ ಹೋಗಿ ನಿಂತೆ. ದೇವದುರ್ಗದಲ್ಲಿ ಆ ಹೊತ್ತಿಗೆ ಒಳ್ಳೆಯ ಗಿರಾಕಿಗಳೆಲ್ಲ ಮನೆಗೆ ಹೊರಟಿರುತ್ತಾರೆ.