ಹನಿ ಬೀಳಬೇಕ್ರಿ

ಮಿಸ್ತ್ರಿ ಕಾಕಾನ ಬಲ ಮುಂಗೈ ಮೇಲೆ ನಾಲ್ಕು ಬೆರಳಗಲ ಜಾಗದಲ್ಲಿ ಒಂದೂ ಕೂದಲಿರಲಿಲ್ಲ. ಅಲ್ಲಿಯ ಚರ್ಮ ಹುಣಸೆಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ಓಡುವ ಇಂಜಿನ್ನಿನ ಬೆಲ್ಟು ಸವರಿಕೊಂಡು ಹೋದ ಗುರುತು ಅದು. ಯಾರಾದರೂ ಕೇಳಿದರೆ ಕೈ ಮುಂದೆ ಚಾಚಿ, "ಇದು ನನ್ನ ಸರ್ಟಿಫಿಕೇಟ್ ನೋಡ್ರಿ" ಎನ್ನುತ್ತಿದ್ದರು.

ಬಾಗಲಕೋಟೆಯ ಹಿನ್ನೀರಿನಲ್ಲಿ ಅವರದೊಂದು ಇಂಜಿನ್ ಕೂಡಿಸಿದ ಮರದ ದೋಣಿ. ನಾನು ಗಣಿತ ಕಲಿಸುತ್ತಿದ್ದ ಹೈಸ್ಕೂಲು ಆಚೆ ದಂಡೆಯ ಹಳ್ಳಿಯಲ್ಲಿ. ರಸ್ತೆ ಹಿಡಿದರೆ ಎರಡು ಬಸ್ಸು ಬದಲಿಸಿ ಸುತ್ತು ಹಾಕಬೇಕು. ದೋಣಿಯಲ್ಲಾದರೆ ಇಪ್ಪತ್ತು ನಿಮಿಷ. ಕಮತಗಿ ಕಡೆಯ ಹೊಲಮನೆಯವಳಾದ ನನಗೆ ಆಳದ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ದಿನಾ ಹಿಂಬದಿಯಲ್ಲಿ ಕಾಕಾನ ಪಕ್ಕ ಕೂತು, ಏನಾದರೊಂದು ಕೇಳುತ್ತಾ ಹೆದರಿಕೆ ಮರೆಯುತ್ತಿದ್ದೆ.

ಏನು ಕೇಳಿದರೂ ಅವರ ಮಾತು ಸುತ್ತಿ ಬಳಸಿ ಇಂಜಿನ್ನಿಗೇ ಬರುತ್ತಿತ್ತು. "ಇಂಜಿನ್ ತಿರಗೂದು ದೊಡ್ಡದಲ್ಲರಿ ಅಕ್ಕೋರ. ಆ ತಿರಗೂದನ್ನ ನೀರಾಗಿನ ಪಂಖಾಕ್ಕ ಮುಟ್ಟಸೂದು ದೊಡ್ಡದು." ಮೊದಲು ಬರೀ ಹುಟ್ಟು ಹಾಕುತ್ತಿದ್ದರಂತೆ. ಆಮೇಲೆ ಹೊಲದ ಪಂಪ್‌ಸೆಟ್ಟಿನ ಇಂಜಿನ್ ತಂದು, ಅದರಿಂದ ಪಂಖಾ ತಿರುಗಿಸುವ ಶಾಫ್ಟಿಗೆ ಚಪ್ಪಟೆ ಬೆಲ್ಟು ಹಾಕಿದರು. ಆ ಇಂಜಿನ್ನಿಗೆ ಮುಂದಕ್ಕೆ ಹೋಗುವುದಷ್ಟೇ ಗೊತ್ತು. ದಂಡೆಯಿಂದ ಹಿಂದೆ ಸರಿಯಬೇಕೆಂದರೆ ಇಂಜಿನ್ ನಿಲ್ಲಿಸಿ, ಬೆಲ್ಟಿಗೆ ನಡುವೆ ಒಂದು ತಿರುವು ಕೊಟ್ಟು ಅಡ್ಡ ಹಾಕಬೇಕು. ಆಗ ಶಾಫ್ಟು ಉಲ್ಟಾ ತಿರುಗುತ್ತದೆ. ನೀರಿಗೆ ಬಂದ ಮೇಲೆ ಮತ್ತೆ ನಿಲ್ಲಿಸಿ, ಬೆಲ್ಟು ನೆಟ್ಟಗೆ ಮಾಡಬೇಕು. ಕೂತವರು ಅಷ್ಟರಲ್ಲಿ ಒಂದು ಸುತ್ತು ಎಲೆ ಅಡಿಕೆ ಮುಗಿಸುತ್ತಿದ್ದರಂತೆ. ಕೊನೆಗೆ ಗುಜರಿಯಿಂದ ಹಳೆ ಜೀಪಿನ ಗೇರ್ ಬಾಕ್ಸ್ ತಂದು ಕೂಡಿಸಿದರು. ದೋಣಿ ತಾನಾಗಿ ಹಿಂದೆ ಸರಿದ ದಿನ ಅವರ ಹೆಂಡತಿ, ನಮ್ಮೆಲ್ಲರ ಕಾಕಿ, ಅದಕ್ಕೆ ಆರತಿ ಬೆಳಗಿದರಂತೆ. ಹೊಸ ಫೈಬರ್ ದೋಣಿಗಳ ಹಿಂದೆ ನೇತುಹಾಕುವ ಇಂಜಿನ್ ಕಂಡರೆ ಮಾತ್ರ ಕಾಕಾಗೆ ಆಗುತ್ತಿರಲಿಲ್ಲ. "ಜೀವಾ ಒಯ್ದು ಬಾಲಕ್ಕ ಕಟ್ಯಾರ" ಎಂದು ಮುಖ ತಿರುಗಿಸುತ್ತಿದ್ದರು.

ಶಾಫ್ಟು ದೋಣಿಯ ಹೊಟ್ಟೆಯಿಂದ ಹೊರಬೀಳುವ ಕಡೆ, ನೀರು ಒಳನುಗ್ಗದಂತೆ ಗ್ರೀಸಿನ ಹಗ್ಗ ಸುತ್ತಿ, ಎರಡು ನಟ್ಟಿನಿಂದ ಅದುಮಿದ್ದರು. ಆದರೂ ಅಲ್ಲಿ ಸದಾ ಹನಿ ತೊಟ್ಟಿಕ್ಕುತ್ತಿತ್ತು. ನನ್ನ ಕಣ್ಣೆಲ್ಲ ಅದರ ಮೇಲೆ. "ಹನಿ ಬೀಳಬೇಕ್ರಿ," ಎನ್ನುತ್ತಿದ್ದರು ಕಾಕಾ. "ಶಾಫ್ಟ್ ತಂಪ ಇಡೂದ ಅದು." ನಾನು ಹೂಂ ಅಂದಿದ್ದೆ, ನಂಬಿರಲಿಲ್ಲ.

ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ದಿನ. ಕೇಂದ್ರ ಬಾಗಲಕೋಟೆಯಲ್ಲಿ. ನಮ್ಮ ಆರು ಮಕ್ಕಳನ್ನು ಕರೆತರಲು ಬೆಳಿಗ್ಗೆಯೇ ಕಾಕಾನ ದೋಣಿಯಲ್ಲಿ ಆಚೆ ದಂಡೆಗೆ ಹೋಗಿದ್ದೆ. ಮಕ್ಕಳಿನ್ನೂ ಬಂದಿರಲಿಲ್ಲ, ಕಾಕಾ ಚಹಾಕ್ಕೆ ಹೋಗಿದ್ದರು. ಹನಿ ಬೀಳುತ್ತಲೇ ಇತ್ತು. ಆರು ಮಕ್ಕಳನ್ನು ಸೋರುವ ದೋಣಿಯಲ್ಲಿ ಕೂರಿಸುವುದೇ? ಹೊಲದ ಪಂಪು ಸೋರಿದರೆ ಅಪ್ಪ ಪಾನಾ ಹಿಡಿದು ನಟ್ಟು ಬಿಗಿಯುವುದನ್ನು ನೋಡಿ ಬೆಳೆದವಳು ನಾನು. ಕಾಕಾನ ಪಾನಾ ಕೈಗೆಟುಕುವಲ್ಲೇ ಇತ್ತು. ಶಕ್ತಿ ಇದ್ದಷ್ಟೂ ಬಿಗಿದೆ. ಹನಿ ನಿಂತಿತು. ಜಾಣೆ ನಾನೇ ಅಂದುಕೊಂಡೆ.

ನಡುನೀರಿನಲ್ಲಿ ಸುಟ್ಟ ವಾಸನೆ ಬಂತು. ಹೊಗೆ ಎದ್ದು, ಶಾಫ್ಟು ಕಚ್ಚಿಕೊಂಡು, ಇಂಜಿನ್ ನಿಂತೇ ಹೋಯಿತು. ಕಾಕಾ ಬಗ್ಗಿ ನೋಡಿದರು, ಹುಟ್ಟು ಎತ್ತಿಕೊಂಡರು. ದಂಡೆ ಮುಟ್ಟಿ ಮಕ್ಕಳು ಓಡಿ ಹೋಗುವಷ್ಟರಲ್ಲಿ ಪರೀಕ್ಷೆ ಶುರುವಾಗಿ ಕಾಲು ತಾಸಾಗಿತ್ತು. ಪುಣ್ಯಕ್ಕೆ ಒಳಗೆ ಬಿಟ್ಟರು.

ಜೊತೆಗೆ ಬಂದಿದ್ದ ಹುಡುಗಿಯೊಬ್ಬಳ ತಂದೆ ದಂಡೆಯ ಮೇಲೆಯೇ ಕೂಗಾಡಿದ. "ಪರೀಕ್ಷಾ ದಿನಾನ ಹಿಂಗ ಮಾಡ್ತಿ ಅಂದ್ರ ನೀ ಎಂಥಾ ಮಿಸ್ತ್ರಿಲೇ?"

"ನಂದ ತಪ್ಪೈತ್ರಿ. ನಟ್ಟ ಬಿಗಿ ಆಗಿತ್ತು, ನಾ ನೋಡಿಕೊಳ್ಳಲಿಲ್ಲ," ಅಂದರು ಕಾಕಾ.

ನಾನು ಬಾಯಿ ಬಿಡಲಿಲ್ಲ. ನಾಚಿಕೆಗೇಡು, ಆದರೆ ಖರೆ. ಮಕ್ಕಳೆಲ್ಲ ಪಾಸಾದರು, ಕಾಕಾಗೆ ಮಾತ್ರ ಆ ಮಾತು ಅಂಟಿಕೊಂಡಿತು. ದೋಣಿ ಹತ್ತುವವರೆಲ್ಲ "ಇವತ್ತರ ನಟ್ಟ ನೋಡೀರಿಲ್ಲೋ ಕಾಕಾ?" ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ನಗುತ್ತಿದ್ದರು. ನಾನು ನೀರು ನೋಡುತ್ತಿದ್ದೆ.

ಕಳೆದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಅವರ ದಿನಕರ್ಮದ ಊಟಕ್ಕೆ ಹೋದಾಗ ಪಂಕ್ತಿಯಲ್ಲಿ ಯಾರೋ ಅದೇ ಕಥೆ ತೆಗೆದರು: "ಅಂಥಾ ಮಿಸ್ತ್ರಿನೂ ಒಮ್ಮೆ ತಪ್ಪಿದ ನೋಡ್ರಿ." ಎತ್ತಿದ ತುತ್ತನ್ನು ಎಲೆಯಲ್ಲೇ ಇಟ್ಟೆ. "ಅವರದು ತಪ್ಪಿಲ್ಲ. ಆ ನಟ್ಟು ಬಿಗಿದವಳು ನಾನು," ಎಂದೆ.

ಒಳಗಿನಿಂದ ಕಾಕಿ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ನನಗ ಗೊತ್ತೈತ್ರಿ ಅಕ್ಕೋರ. ಅವತ್ತ ನಿಮ್ಮ ಸೆರಗಿಗೆ ಗ್ರೀಸ್ ಹತ್ತಿತ್ತಂತ. ಸಂಜಿಗೆ ಬಂದು ಹೇಳಿದ್ರು. 'ಅಕ್ಕೋರಿಗೆ ಮೊದಲ ನೀರಿನ ಅಂಜಿಕಿ. ಹೆಸರ ಹೇಳಿದರ ನಾಳಿಂದ ದೋಣಿ ಹತ್ತಂಗಿಲ್ಲ. ಆ ದಂಡಿ ಹುಡುಗೋರಿಗೆ ಲೆಕ್ಕಾ ಯಾರ ಕಲಸಬೇಕು' ಅಂದ್ರು."

ಆ ಪರೀಕ್ಷೆಯಾದ ಮೇಲೆ ಒಂಬತ್ತು ವರ್ಷ ನಾನು ಅದೇ ದೋಣಿಯಲ್ಲಿ, ಅದೇ ಜಾಗದಲ್ಲಿ ಕೂತು ದಾಟಿದೆ. ಅಷ್ಟೂ ವರ್ಷ ಪಾನಾ ನನ್ನ ಕೈಗೆಟುಕುವಲ್ಲೇ ಇತ್ತು. ಕಾಕಾ ಒಂದು ದಿನವೂ ಅದನ್ನು ಆಚೆ ಸರಿಸಿಡಲಿಲ್ಲ.