ಪಟ್ಟೆ ಕೂಡದ ಹುಂಜ

ನಮ್ಮ ದೊಡ್ಡಮ್ಮ ಟೈಲರ್. ಪಟ್ಟೆ ಬಟ್ಟೆ ಹೊಲಿದರೆ ಭುಜದ ಪಟ್ಟೆ ತೋಳಿನ ಪಟ್ಟೆಗೆ ಕೂಡಬೇಕು. ಎಳೆಯಷ್ಟು ತಪ್ಪಿದರೂ ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಅಂಗಡಿಯ ಹಿಂದೆ ಅವಳ ಕೋಳಿಗಳಿವೆ. ಬೂದು ಮೈಮೇಲೆ ಕಪ್ಪು ಪಟ್ಟೆಯ ಈ ತಳಿಯನ್ನು ಅಜ್ಜಿ ಸಾಯುವ ಮೊದಲು ಅವಳ ಕೈಗೆ ಒಪ್ಪಿಸಿದ್ದಳು. ಹಾವು ಮುಂಗುಸಿಯಂತಿದ್ದ ಅತ್ತೆ ಸೊಸೆ ಜಗಳವಿಲ್ಲದೆ ಮಾತಾಡುತ್ತಿದ್ದುದು ಕೋಳಿಗಳ ವಿಷಯ ಒಂದನ್ನೇ. ಅದಕ್ಕೇ ತಳಿ ಅಳಿಯಬಾರದೆಂದು ದೊಡ್ಡಮ್ಮನಿಗೆ ಹಟ.

ತಂತಿಬಲೆಯ ಮೂರು ಗೂಡು. ಹೇಂಟೆಗಳ ಕಾಲಿಗೆ ಗೂಡಿಗೊಂದು ಬಣ್ಣದ ರಿಬ್ಬನ್: ಕೆಂಪು, ನೀಲಿ, ಹಳದಿ. ಹೆಣ್ಣುಮರಿ ತಾಯಿಯ ಗೂಡಿನಲ್ಲೇ ಉಳಿಯಬೇಕು, ಗಂಡುಮರಿ ಬೆಳೆದ ಮೇಲೆ ಪಕ್ಕದ ಗೂಡಿಗೆ ಹೋಗಬೇಕು. ಹೀಗೆ ವರ್ಷವರ್ಷವೂ ಸುತ್ತಿದರೆ ಹತ್ತಿರದ ರಕ್ತ ಕೂಡುವುದಿಲ್ಲ ಎಂಬುದು ಅವಳ ಯೋಜನೆ.

“ಓಹೋ, ಇಲ್ಲಿ ಗಂಡುಮಕ್ಕಳೇ ಅತ್ತೆ ಮನೆಗೆ ಹೋಗೋದಾ?” ಎಂದು ದೊಡ್ಡಪ್ಪ ನಕ್ಕರು.

“ಹೂಂ ಮತ್ತೆ. ನೀವೂ ಹೋಗಿದ್ರೆ ಒಂಚೂರು ಬುದ್ಧಿ ಬರ್ತಿತ್ತು.”

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮೊಟ್ಟೆಗಳು ಕೈಕೊಟ್ಟವು. ಅರ್ಧಕ್ಕರ್ಧ ಒಡೆಯಲಿಲ್ಲ. ಒಡೆದು ಬಂದ ಮರಿಗಳಲ್ಲೂ ಹಲವು ನಿಲ್ಲಲಾರದೆ ಸತ್ತವು. ದೊಡ್ಡಮ್ಮ ಕಾಳು ಬದಲಾಯಿಸಿದಳು, ಬುಟ್ಟಿ ಬದಲಾಯಿಸಿದಳು, ಕಾವು ಕೂತ ಕೋಳಿಗೆ ಬೈದಳು.

ಒಂದು ದಿನ ಎದುರಿನ ಹೇರ್ ಕಟಿಂಗ್ ಅಂಗಡಿಯವನು ಪ್ಯಾಂಟು ಕೊಡಲು ಬಂದವನು ಹಿತ್ತಿಲಿಗೆ ಇಣುಕಿ ಹೊಗಳಿದ: “ಏನಕ್ಕಾ, ಮೂರೂ ಹುಂಜ ಒಂದೇ ಥಾನು ಬಟ್ಟೆಯಿಂದ ಕತ್ತರಿಸಿದ ಹಾಗಿವೆ!”

ಮೊಟ್ಟೆಗಳು ಯಾಕೆ ಕೆಡುತ್ತಿವೆಯೆಂದು ದೊಡ್ಡಮ್ಮನಿಗೆ ಆಗ ಹೊಳೆಯಿತು. ಪಟ್ಟೆ ಓರೆಯಾದ ಗಂಡುಗಳನ್ನೆಲ್ಲ ಮಾರಿದ್ದಳು. ಕೆಂಪು ಗೂಡಿನ ಹುಂಜ ‘ದೊರೆ’ಯ ಪಟ್ಟೆ ಅಳೆದು ಎಳೆದಂತಿತ್ತು, ಅವನ ಮಕ್ಕಳನ್ನೇ ಆರಿಸಿ ಆರಿಸಿ ಉಳಿದೆರಡು ಗೂಡಿಗೂ ಬಿಟ್ಟಿದ್ದಳು. ರಿಬ್ಬನ್ನಿನ ಬಣ್ಣ ಮೂರು, ಅಪ್ಪ ಒಬ್ಬನೇ.

ಹೊರಗಿನ ರಕ್ತ ಬರಬೇಕಾದರೆ ದೊರೆ ಹೋಗಲೇಬೇಕಿತ್ತು. ಅವಳು ಮಿಷನ್ ತುಳಿಯುವಾಗ ಪಕ್ಕದಲ್ಲೇ ಬಂದು ಕೂರುತ್ತಿದ್ದ ಹುಂಜ. ಎರಡು ದಿನ ಅವಳು ಅವನಿಗೆ ತನ್ನ ಕೈಯಿಂದಲೇ ಕಾಳು ತಿನ್ನಿಸಿದಳು. ಮೂರನೆಯ ದಿನ ಅವನನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿ ಕಟಿಂಗ್ ಅಂಗಡಿಗೆ ಹೋದಳು.

“ಇವನನ್ನ ಇಟ್ಕೋ. ನಿನ್ನ ಹುಂಜ ಕೊಡು.”

“ತಮಾಷೆನಾ ಅಕ್ಕಾ? ಅದರ ಕತ್ತಲ್ಲಿ ಒಂದು ಪುಕ್ಕ ಇಲ್ಲ.”

“ಕಾಣ್ತಿದೆ. ನೀನೇ ಬೋಳಿಸಿದ್ದಾ?”

“ನಾನು ಬೋಳಿಸಿದ್ರೆ ಗೆರೆ ನೆಟ್ಟಗಿರೋದು! ಅದು ಹುಟ್ಟಿದ್ದೇ ಹಾಗೆ.”

ಬೋಳುಕತ್ತಿನ ಆ ಹುಂಜ ದೂರದೂರಿನದು, ಗಟ್ಟಿಮುಟ್ಟು. ದೊಡ್ಡಮ್ಮ ಅದನ್ನು ಕೆಂಪು ಗೂಡಿಗೆ ಬಿಟ್ಟಳು. ರಸ್ತೆಯಾಚೆಯಿಂದ ದೊರೆ ಕೂಗಿದಾಗಲೆಲ್ಲ ಮಿಷನ್ ನಿಲ್ಲುತ್ತಿತ್ತು. ಅವತ್ತು ಒಂದು ಕಾಲರನ್ನು ಒಳಮೈ ಹೊರಗೆ ಮಾಡಿ ಹೊಲಿದಳು.

ಹೇಂಟೆಗಳಲ್ಲಿ ದೊರೆಯ ಬೀಜ ಉಳಿದಿರಬಹುದೆಂದು ಒಂದು ತಿಂಗಳು ಮೊಟ್ಟೆಗಳನ್ನು ಕಾವಿಗಿಡಲಿಲ್ಲ. ಆಮೇಲೆ ಇಟ್ಟವುಗಳಲ್ಲಿ ಎರಡು ಬಿಟ್ಟು ಎಲ್ಲವೂ ಒಡೆದವು. ಮರಿಗಳು ಬುಟ್ಟಿಯಿಂದ ಜಿಗಿದು ಓಡಾಡಿದವು. ಅರ್ಧಕ್ಕೆ ಕತ್ತು ಬೋಳು.

“ನಮ್ಮಮ್ಮ ನೋಡಿದ್ರೆ ಏನಂತಿದ್ಲೋ!” ಎಂದರು ದೊಡ್ಡಪ್ಪ.

“ಬೈತಿದ್ರು. ಬೈದು, ಕೂತ್ಕೊಂಡು ಮರಿ ಎಣಿಸ್ತಿದ್ರು.”

ಮರಿಗಳು ಬೆಳೆದವು. ನೀಲಿ ಗೂಡಿಗೆ ಗಂಡು ಆರಿಸುವ ದಿನ ದೊಡ್ಡಮ್ಮ ಬಹಳ ಹೊತ್ತು ನಿಂತಳು. ಒಂದರ ಕತ್ತು ತುಂಬಿತ್ತು, ಪಟ್ಟೆ ಚೊಕ್ಕವಾಗಿತ್ತು, ಆದರೆ ಮೈ ಸಣಕಲು. ಇನ್ನೊಂದರ ಕತ್ತು ಬೋಳು, ಪಟ್ಟೆ ಎತ್ತಲೋ ಹೋಗಿತ್ತು, ಕಾಳು ಚೆಲ್ಲಿದರೆ ಎಲ್ಲರನ್ನೂ ತಳ್ಳಿ ಮೊದಲು ಬರುತ್ತಿತ್ತು. ಅವಳ ಕೈ ಚೊಕ್ಕ ಪಟ್ಟೆಯದರ ಕಡೆಗೇ ಹೋಯಿತು. ಅದರ ಬೆನ್ನು ಸವರಿ, ಬೋಳುಕತ್ತಿನದನ್ನು ಎತ್ತಿಕೊಂಡು ನೀಲಿ ಗೂಡಿಗೆ ಬಿಟ್ಟಳು.

“ಈ ಪಟ್ಟೆ ಮತ್ತೆ ಸರಿಹೋಗೋದು ಯಾವಾಗ?” ದೊಡ್ಡಪ್ಪ ಕೇಳಿದರು.

“ಏಳೆಂಟು ವರ್ಷ ಆಗತ್ತೆ.”

“ಅಲ್ಲೀವರೆಗೆ ನಾವಿರ್ತೀವೇನೇ?”

“ನೀವಂತೂ ಇರಿ,” ಎಂದಳು ದೊಡ್ಡಮ್ಮ, ಗೂಡಿನ ಚಿಲಕ ಹಾಕುತ್ತಾ. “ನೀರು ಹಾಕೋಕೆ ಯಾರಾದ್ರೂ ಬೇಕಲ್ಲ.”