ಕಂಬಕ್ಕೆ ಅಡ್ಡ ಬಂದ ಬೌಲರ್

ಲೈಟಿನ ಕಂಬ ನೆಡುವ ಕಾಂಟ್ರಾಕ್ಟಿನಲ್ಲಿ ನಾನು ಸೂಪರ್‌ವೈಸರ್. ನಕ್ಷೆ ತೋರಿಸಿದ ಕಡೆ ತಗ್ಗು ತೋಡಿಸುವುದಷ್ಟೇ ನನ್ನ ಕೆಲಸ. ತುಕ್ಕಾನಟ್ಟಿಯಲ್ಲಿ ಆಟದ ಬಯಲಿನ ಅಂಚಿಗೆ ಸುಣ್ಣದ ಗುರುತು ಹಾಕಿದೆ. ಅಲ್ಲೇ ಕುರಿ ಮೇಯಿಸುತ್ತಿದ್ದವರೊಬ್ಬರು ಬಂದು ಅದರ ಮೇಲೇ ನಿಂತರು.

“ಇಲ್ಲಿ ಬ್ಯಾಡ್ರಿ. ನಮ್ಮ ಬಸು ಬೌಲಿಂಗಿಗೆ ಓಡಾಕ ಸುರು ಮಾಡೂ ಜಾಗಾ ಇದು.”

ಬಸು ಆ ಊರಿನ ಫಾಸ್ಟ್ ಬೌಲರ್, ಅದರ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದ. ಇವರು ಅವನಿಗೆ ಇಪ್ಪತ್ತು ವರ್ಷ ಕೀಪರ್ ಆಗಿದ್ದವರು.

“ಅವರು ಈಗ ಇಲ್ಲಲ್ರಿ,” ಎಂದೆ.

“ಅವ ಇಲ್ಲ, ಖರೆ. ಅವ ಓಡಿದ ಹಾದಿ ಐತೆಲ್ಲ.” ಹುಲ್ಲು ಸವೆದ ಪಟ್ಟಿಯೊಂದನ್ನು ತೋರಿಸಿದರು. ಆಮೇಲೆ ತಮ್ಮ ಸೊಟ್ಟ ಕಿರುಬೆರಳು ಎತ್ತಿ, “ಇದೂ ಅವನ ಬಾಲ್ ಕೊಟ್ಟದ್ದು,” ಎಂದರು.

ಎಷ್ಟು ಸರಿಸಲಿ ಎಂದು ಕೇಳಿದೆ. ಅವರು ಆಚೆ ತುದಿಯ ವಿಕೆಟ್ಟಿನ ಜಾಗ ದಾಟಿ, ಇನ್ನೂ ಬಹಳ ಹಿಂದೆ ಹೋಗಿ, ಕೀಪರ್ ಹಾಗೆ ಕೂತರು. ಅಲ್ಲಿಂದಲೇ ಬಲಕ್ಕೆ, ಇನ್ನೂ ಬಲಕ್ಕೆ ಎಂದು ಕೈ ಮಾಡಿದರು. ಗುರುತು ಆರು ಅಡಿ ಸರಿಸಿದ ಮೇಲೆಯೇ ಎದ್ದದ್ದು.

ನಕ್ಷೆ ಮೀರಿದರೆ ಕಾರಣ ಬರೆಯಬೇಕು. ‘ಕೆಳಗೆ ಬಂಡೆ ಇದೆ’ ಎಂದು ಬರೆದೆ.

ಹೊಸ ಜಾಗದಲ್ಲಿ ಎರಡಡಿ ತೋಡುವಷ್ಟರಲ್ಲಿ ಹಾರೆ ಠಣ್ ಎಂದಿತು. ಖರೇ ಬಂಡೆ. ಒಡೆಯಲು ಎರಡು ದಿನ ಹಿಡಿಯಿತು. ಯಾಕೆ ತಡ ಎಂದು ಆಫೀಸಿನಿಂದ ಫೋನ್ ಬಂತು. ಬಂಡೆ ಸಿಕ್ಕಿದೆ ಎಂದೆ.

“ಅದನ್ನ ತಪ್ಪಸಾಕಂತನ ಕಂಬ ಸರಿಸೀರಲ್ರಿ?”

ಆ ಕಂಬದ ಬಗ್ಗೆ ನಾನು ಆಫೀಸಿಗೆ ಹೇಳಿದ್ದು ಒಂದೇ ಖರೆ ಮಾತು. ಅದನ್ನು ಅವರು ಇವತ್ತಿಗೂ ನಂಬಿಲ್ಲ.